ಪ್ರಸಾದ ನಿಲಯದ ಹಳೆಯ ಬಣ್ಣ



ಶಾಲೆ ಆರಂಭವಾಗುವ ಮೊದಲು ನಮ್ಮ ಪ್ರಸಾದ ನಿಲಯಗಳಿಗೆ ಸುಣ್ಣ-ಬಣ್ಣ ಮಾಡಿಸುವುದು ರೂಢಿ. ಭಕ್ತರೊಬ್ಬರು ಬಣ್ಣ ಕೊಡುತ್ತಾರೆ, ಇನ್ನೊಬ್ಬರು ಕೂಲಿ ಕೊಡುತ್ತಾರೆ, ದೊಡ್ಡ ಹುಡುಗರು ಹಳೆಯ ಬಣ್ಣ ಕೆರೆಯುತ್ತಾರೆ. ಆ ಹಳೆಯ ಬಣ್ಣದಲ್ಲಿರುವ ಸೀಸದ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ಕಿಟಕಿ ಸರಳು, ಕಬ್ಬಿಣದ ಮಂಚಗಳಿಗೆ ತುಕ್ಕು ಹಿಡಿಯದಿರಲೆಂದು ಹಿಂದೆ ಕೆಂಪು ಸೀಸದ ಪ್ರೈಮರ್ ಬಳಿಯುತ್ತಿದ್ದರು. ನಾನು ಸರ್ಕಾರಿ ಸೇವೆಗೆ ಸೇರಿದ ಕಾಲಕ್ಕೆ ಅದು ಎಲ್ಲ ಎಂಜಿನಿಯರುಗಳಿಗೂ ಪರಿಚಿತ ವಸ್ತು. ಹಳದಿ ಎನಾಮಲ್ಲಿಗೆ ಹೊಳಪು ಕೊಡುತ್ತಿದ್ದುದೂ ಸೀಸದ ಕ್ರೋಮೇಟೇ. ಬಣ್ಣ ಗಟ್ಟಿಯಾಗಿ ಕುಳಿತಿರುವವರೆಗೆ ತೊಂದರೆ ಕಡಿಮೆ. ಚಕ್ಕೆ ಎದ್ದಾಗ, ಒಣಗಿದ್ದಂತೆಯೇ ಉಜ್ಜಿದಾಗ ಧೂಳಾಗುತ್ತದೆ. ಧೂಳು ಮಕ್ಕಳ ಕೈಗೆ, ಕೈಯಿಂದ ಬಾಯಿಗೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಬೆಳೆಯುವ ಮೆದುಳನ್ನು ಕೆಡಿಸುತ್ತದೆ, ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ. ಬಸುರಿಯ ಮೂಳೆಯಿಂದ ಹೊಟ್ಟೆಯ ಮಗುವಿಗೂ ಇಳಿಯುತ್ತದೆ. ಅಪಾಯವಿಲ್ಲದ ಸೀಸದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಡುಗ ಪಾಠದಲ್ಲಿ ಹಿಂದೆ ಬಿದ್ದರೆ ದಡ್ಡ ಎಂದು ಬೈಯುತ್ತೇವೆ. ಅವನು ಮಲಗುವ ಮಂಚದ ಬಣ್ಣವನ್ನು ಯಾರೂ ಅನುಮಾನಿಸುವುದಿಲ್ಲ.

ಈ ವಿಷಯದಲ್ಲಿ ದೇಶದ ಕಣ್ಣು ತೆರೆಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು. ಪೆಟ್ರೋಲಿನಿಂದ ಸೀಸ 2000ದಲ್ಲಿ ಹೋಯಿತು. ಮನೆಬಳಕೆಯ ಬಣ್ಣಕ್ಕೆ 2016ರಲ್ಲಿ ನಿಯಮ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಸೀಸ 90 ಪಿಪಿಎಂ, ಅಂದರೆ ಕೆ.ಜಿ.ಗೆ 90 ಮಿಲಿಗ್ರಾಂ ಮೀರಬಾರದು. ಡಬ್ಬಿಯ ಮೇಲೆ ಹಾಗೆಂದು ಬರೆದಿರಬೇಕು. ಕೈಗಾರಿಕಾ ಬಣ್ಣಗಳಿಗೆ ಮಾತ್ರ ಈ ನಿಯಮ ಅನ್ವಯಿಸದು. ದಾಸೋಹದ ಅಕ್ಕಿಯಲ್ಲಿ ಕಲ್ಲು ಆರಿಸುವ ನಾವು ಭಕ್ತರು ಕೊಟ್ಟ ಡಬ್ಬಿಯ ಲೇಬಲ್ಲನ್ನೂ ಓದಬೇಕು. ಕೊಟ್ಟವರು ಬೇಸರಪಟ್ಟುಕೊಳ್ಳಲಾರರು.

ಗಟ್ಟಿಯಾಗಿರುವ ಬಣ್ಣವನ್ನು ಕೆರೆಯಬೇಡಿ, ಅದರ ಮೇಲೆಯೇ ಹೊಸದು ಬಳಿಸಿ. ಕೆರೆಯಲೇಬೇಕಾದರೆ ನೀರು ಹಾಕಿ ಒದ್ದೆಯಾಗಿ ಉಜ್ಜಿಸಿ, ಬೆಂಕಿಯಿಂದ ಸುಡಿಸಬೇಡಿ. ಹಾಸಿಗೆ, ಪಾತ್ರೆ ಮೊದಲೇ ಹೊರಗಿರಲಿ. ಕೊನೆಗೆ ಪೊರಕೆ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಹುಡುಗರ ಕೈಗೆ ಸ್ಯಾಂಡ್‌ಪೇಪರ್ ಕೊಡಲೇಬೇಡಿ, ಸೇವೆ ಕಲಿಸಲು ಬೇರೆ ಕೆಲಸಗಳು ಬೇಕಾದಷ್ಟಿವೆ. ಬಣ್ಣ ಬಳಿಯುವವರಿಗೆ ಧೂಳು ತಡೆಯುವ ಒಳ್ಳೆಯ ಮಾಸ್ಕ್, ಸಾಬೂನು ಕೊಡಿ. ಅವರು ಅದೇ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡರೆ ಧೂಳು ಅಲ್ಲಿಗೂ ಹೋಯಿತು. ಗೋಡೆ ಅಂದವಾಗಲೆಂದು ಕಾಯಕಜೀವಿಯ ಮೈ ಕೆಡಿಸುವುದು ಯಾವ ನ್ಯಾಯ?

ಇನ್ನೊಂದು ಮಾತು. ಕಿತ್ತ ಹಳೆಯ ಬಾಗಿಲು, ಚೌಕಟ್ಟುಗಳು ಎಷ್ಟೋ ಕಡೆ ದಾಸೋಹದ ಒಲೆಗೆ ಸೌದೆಯಾಗುತ್ತವೆ. ಬಣ್ಣ ಬಳಿದ ಮರ ಉರಿದರೆ ಸೀಸ ಹೊಗೆಯಲ್ಲೂ ಬೂದಿಯಲ್ಲೂ ಇರುತ್ತದೆ. ಒಲೆಯ ಮುಂದೆ ನಿಂತ ತಾಯಂದಿರು ಅದನ್ನೇ ಉಸಿರಾಡುತ್ತಾರೆ. ಆ ಬೂದಿಯಲ್ಲೇ ಪಾತ್ರೆ ತಿಕ್ಕುವವರೂ ಇದ್ದಾರೆ. ಈ ಬೇಸಿಗೆಯಲ್ಲಿ ಬಾಗಿಲು ಬದಲಿಸುವ ಮಠಗಳು ಹಳೆಯದನ್ನು ಸೌದೆ ರಾಶಿಗೆ ಹಾಕದೆ ಬೇರೆಯಾಗಿ ಇಡಿಸಬೇಕೆಂದು ಕೇಳಿಕೊಳ್ಳುತ್ತೇನೆ.