ಕಣ್ಣೊಳಗಿನ ಹಳ್ಳಗಳು



ಹೇಮಾವತಿ ಹುಟ್ಟುವ ಜಾವಳಿ ನನ್ನೂರು. ಕಾಫಿ ಕೊಯ್ಲಿನಲ್ಲಿ ನಮ್ಮವ್ವನ ಬುಟ್ಟಿಗೆ ಹಣ್ಣಲ್ಲದೆ ಒಂದು ಹಸುರು ಕಾಯಿಯೂ ಬೀಳದು ಎಂಬುದು ಊರಿಗೆಲ್ಲ ತಿಳಿದಿದ್ದ ಮಾತು. ಒಂದು ವರ್ಷ ಆ ಬುಟ್ಟಿಯಲ್ಲಿ ಕಾಯಿಗಳು ಕಾಣಿಸಿಕೊಂಡವು. ವಯಸ್ಸಾಯಿತೆಂದು ನಾವು ನಕ್ಕೆವು, ಅವಳೂ ನಕ್ಕಳು. ಅವಳ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತೆಂಬುದು ನಮಗೆ ತಿಳಿದದ್ದು ಮುಂದಿನ ಮಳೆಗಾಲದಲ್ಲಿ.

ಬೆಂಗಳೂರಿನ ವೈದ್ಯರು ಅವಳ ತೋಳಿನ ರಕ್ತನಾಳಕ್ಕೆ ಕಿತ್ತಳೆ ಬಣ್ಣದ ದ್ರವವೊಂದನ್ನು ಚುಚ್ಚಿ, ಕಣ್ಣಿಗೆ ನೀಲಿ ಬೆಳಕು ಬಿಟ್ಟರು. ಹತ್ತು ಹದಿನೈದು ಸೆಕೆಂಡುಗಳಲ್ಲಿ ಕಣ್ಣಿನ ಹಿಂಭಾಗದ ರಕ್ತನಾಳಗಳೆಲ್ಲ ಪರದೆಯ ಮೇಲೆ ಬೆಳಗಿದವು. ಅಲ್ಲಲ್ಲಿ ಬೆಳಕು ನಾಳದಿಂದ ಹೊರಕ್ಕೆ ಒಸರಿ ಹರಡುತ್ತಿತ್ತು. ಕಂಡದ್ದನ್ನು ನಾನು ವಿವರಿಸಿದಾಗ ಅವ್ವ ಕೇಳಿದಳು: “ಗದ್ದೆಯ ಬದು ಒಡೆದು ನೀರು ಸೋರಿದ ಹಾಗೇನೋ?” ಹೌದೆಂದೆ. “ಆ ಬಣ್ಣ ಯಾವ ಗಿಡದ್ದು?” ಎಂದಳು.

ಯಾವ ಗಿಡದ್ದೂ ಅಲ್ಲ. ಅದರ ಹೆಸರು ಫ್ಲೋರೆಸೀನ್. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1877ರಲ್ಲಿ ಅದನ್ನು ಡ್ಯಾನ್ಯೂಬ್ ನದಿ ನೆಲದೊಳಗೆ ಇಂಗಿ ಮರೆಯಾಗುವ ಕಡೆ ಸುರಿದರು. ಸುಮಾರು 60 ಗಂಟೆಗಳ ನಂತರ ಬಣ್ಣ ಆಹ್ ಎಂಬ ಬುಗ್ಗೆಯಲ್ಲಿ ಮೇಲೆದ್ದಿತು. ನೆಲದಡಿಯ ನೀರಿನ ದಾರಿಯನ್ನು ತೋರಿದ ಬಣ್ಣವೇ 1961ರಿಂದೀಚೆಗೆ ಕಣ್ಣೊಳಗಿನ ರಕ್ತದ ದಾರಿಯನ್ನೂ ತೋರುತ್ತಿದೆ.

ರಸಾಯನಶಾಸ್ತ್ರದ ಅಧ್ಯಾಪಕನಾದ ನಾನು ಇದರ ಒಡಹುಟ್ಟನ್ನು ವರ್ಷಗಟ್ಟಲೆ ಬಳಸಿದ್ದೆ. ಕ್ಷಾರದಲ್ಲಿ ಗುಲಾಬಿ ಬಣ್ಣ ತಾಳುವ ಫಿನಾಲ್ಫ್ತಲೀನನ್ನು ನಿಮ್ಮಲ್ಲಿ ಹಲವರು ಶಾಲೆಯಲ್ಲಿ ಕಂಡಿರಬಹುದು. ಎರಡರ ರಚನೆಯೂ ಬಹುಮಟ್ಟಿಗೆ ಒಂದೇ. ಆದರೆ ಫಿನಾಲ್ಫ್ತಲೀನ್ ಬೆಳಗುವುದಿಲ್ಲ. ಅದರ ಉಂಗುರಗಳು ಸಡಿಲವಾಗಿ ಅಲುಗುತ್ತವೆ. ಹೀರಿದ ಬೆಳಕು ಆ ಅಲುಗಾಟದಲ್ಲೇ ಶಾಖವಾಗಿ ವ್ಯಯವಾಗುತ್ತದೆ. ಫ್ಲೋರೆಸೀನಿನಲ್ಲಿ ಆಮ್ಲಜನಕದ ಒಂದೇ ಒಂದು ಪರಮಾಣು ಎರಡು ಉಂಗುರಗಳ ನಡುವೆ ಸೇತುವೆಯಾಗಿ ನಿಂತು ಅವನ್ನು ಬಿಗಿಹಿಡಿದಿದೆ. ಅಲುಗಲಾರದ ಅಣು ಹೀರಿದ ನೀಲಿ ಬೆಳಕಿನ ಸ್ವಲ್ಪಾಂಶವನ್ನಷ್ಟೇ ಕಳೆದುಕೊಂಡು, ಉಳಿದುದನ್ನು ಹಸುರಾಗಿ ಹಿಂದಿರುಗಿಸುತ್ತದೆ.

ಬೆಳಗುವ ಬಣ್ಣಗಳನ್ನು ರೂಪಿಸುವವರ ಮೊದಲ ಪಾಠವಿದು: ಅಣುವನ್ನು ಬಿಗಿಗೊಳಿಸು. ಎರಡನೆಯದು, ಒಂಟಿಬಂಧ ಜೋಡಿಬಂಧಗಳು ಒಂದಾದ ಮೇಲೊಂದು ಬರುವ ಸರಪಳಿಯನ್ನು ಉದ್ದಗೊಳಿಸಿದರೆ ಬೆಳಕು ಕೆಂಪಿನ ಕಡೆಗೆ ಸರಿಯುತ್ತದೆ. ಅಂಥ ಉದ್ದ ಸರಪಳಿಯ ಇಂಡೋಸಯನೀನ್ ಗ್ರೀನ್ ಬರಿಗಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಸೂಸುತ್ತದೆ. ಆ ಬೆಳಕು ಅಂಗಾಂಶವನ್ನು ಹಾದುಬರುವುದರಿಂದ ಕಣ್ಣಿನ ಇನ್ನೂ ಆಳದ ಪದರದ ನಾಳಗಳು ಗೋಚರಿಸುತ್ತವೆ. ಆದರೆ ಬೆಳಗಿದರಷ್ಟೇ ಸಾಲದು. ಬಣ್ಣ ನೀರಿನಲ್ಲಿ ಕರಗಬೇಕು, ದೇಹಕ್ಕೆ ಕೇಡು ಮಾಡಬಾರದು, ಕೆಲಸ ಮುಗಿದ ಮೇಲೆ ಹೊರಟುಹೋಗಬೇಕು. ಒಂದು ಗುಣವನ್ನು ತಿದ್ದಹೋದರೆ ಇನ್ನೊಂದು ಕೆಡುತ್ತದೆ. ಈ ಕೆಲಸದ ಕಷ್ಟವಿರುವುದು ಅಲ್ಲಿ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ, ಆಲ್ಜೈಮರ್ ಕಾಯಿಲೆಯಲ್ಲಿ ಮೆದುಳಿನಲ್ಲಿ ಗಡ್ಡೆಗಟ್ಟುವ ಪ್ರೋಟೀನನ್ನು ಬೆಳಗಿ ತೋರಿಸುವ ಅಣುಗಳನ್ನು ರೂಪಿಸುತ್ತಿದೆ.

ಅವ್ವನ ಕಣ್ಣಿನಲ್ಲಿ ಸೋರುತ್ತಿದ್ದ ಜಾಗಗಳನ್ನು ವೈದ್ಯರು ಲೇಸರ್ ಕಿರಣದಿಂದ ಮುಚ್ಚಿದರು. ಹೋದ ದೃಷ್ಟಿ ಮರಳಲಿಲ್ಲ, ಇದ್ದದ್ದು ಉಳಿಯಿತು. ಬಣ್ಣ ತೋರಿಸಿದ್ದನ್ನು ಅವಳ ಬುಟ್ಟಿ ಒಂದು ವರ್ಷ ಮೊದಲೇ ತೋರಿಸಿತ್ತು. ನೋಡಲು ನಮಗೆ ಕಣ್ಣಿರಲಿಲ್ಲ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ, ವರ್ಷಕ್ಕೊಮ್ಮೆ ಅವರ ಕಣ್ಣನ್ನು ವೈದ್ಯರಿಗೆ ತೋರಿಸಿ. ಅವರ ಬುಟ್ಟಿಗೆ ಹಸುರು ಕಾಯಿ ಬಿದ್ದ ದಿನ, ದಯಮಾಡಿ, ನಗಬೇಡಿ.