ಪೊರೆ ಓದಲು ಕಲಿಯೋಣ

ಹುಲಿಯೂರುದುರ್ಗದ ಈ ವಿಜ್ಞಾನ ವಸ್ತುಪ್ರದರ್ಶನಕ್ಕೆ ನನ್ನನ್ನು ಕರೆದಿದ್ದೀರಿ, ತುಂಬಾ ಸಂತೋಷ. ಸೌರಶಕ್ತಿ, ಹನಿ ನೀರಾವರಿ, ಮಳೆನೀರು ಕೊಯ್ಲು, ಎಲ್ಲದರ ಮಾದರಿಗಳೂ ಇಲ್ಲಿವೆ. ಅವುಗಳ ಬಗ್ಗೆ ಬಲ್ಲವರು ಹೇಳುತ್ತಾರೆ. ನಾನು ನೋಡಿಕೊಂಡು ಬಂದಿರುವುದು ಹಾವುಗಳನ್ನು. ಆದ್ದರಿಂದ ಆ ಮೂಲೆಯ ಮೇಜಿನ ಮೇಲೆ ಮಕ್ಕಳು ಜೋಡಿಸಿರುವ ಹಾವಿನ ಪೊರೆಗಳ ಬಗ್ಗೆಯೇ ನಾಲ್ಕು ಮಾತಾಡುತ್ತೇನೆ.

ನಾನು ಚಿಕ್ಕವನಿದ್ದಾಗ ನಮ್ಮ ರಾಗಿ ಹುಲ್ಲಿನ ಬಣವೆಯಲ್ಲಿ ಮಾರುದ್ದದ ಪೊರೆಯೊಂದು ಸಿಕ್ಕಿತು. ನಾಗರಹಾವು ಸೇರಿಕೊಂಡಿದೆ ಎಂದು ಯಾರೋ ಕೂಗಿದರು. ದೊಣ್ಣೆ ಹಿಡಿದು ಜನ ಬಂದರು, ಬಣವೆ ಕೆಡವಿ ಹಾವನ್ನು ಹೊಡೆದು ಹಾಕಿದರು. ಪೊರೆಯನ್ನು ನಾನು ಪುಸ್ತಕದೊಳಗೆ ಇಟ್ಟುಕೊಂಡೆ. ಕಾಲೇಜಿಗೆ ಸೇರಿದ ಮೇಲೆ ಅದರ ತಲೆಯ ಭಾಗವನ್ನು ಭೂತಗನ್ನಡಿಯಲ್ಲಿ ನೋಡಿದೆ. ನಾಗರಹಾವಿಗೆ ಮೇಲ್ದುಟಿಯ ಮೂರನೆಯ ಹುರುಪೆ ಮೂಗಿನ ಹುರುಪೆಗೂ ಕಣ್ಣಿಗೂ ತಾಗಿಕೊಂಡಿರುತ್ತದೆ. ಈ ಪೊರೆಯಲ್ಲಿ ಮೂಗಿಗೂ ಕಣ್ಣಿಗೂ ನಡುವೆ ಬೇರೆ ಸಣ್ಣ ಹುರುಪೆಗಳಿದ್ದವು. ಅದು ಕೇರೆ. ಇಲಿ ಹಿಡಿದು ನಮ್ಮ ರಾಗಿ ಉಳಿಸುತ್ತಿದ್ದ, ವಿಷವೇ ಇಲ್ಲದ ಕೇರೆ. ಪೊರೆ ಓದಬಲ್ಲವರು ಆ ದಿನ ಒಬ್ಬರಿದ್ದಿದ್ದರೂ ಅದು ಬದುಕುತ್ತಿತ್ತು.

ಹಾವು ಪೊರೆ ಬಿಡುವ ಮುಂಚೆ ಅದರ ಕಣ್ಣು ಹಾಲು ಬೆರೆತ ನೀಲಿಯಾಗುತ್ತದೆ. ಆಗ ಕಣ್ಣು ಸರಿಯಾಗಿ ಕಾಣದು, ಹಾವು ಎಲ್ಲೋ ಮರೆಯಲ್ಲಿರುತ್ತದೆ. ಕಣ್ಣು ತಿಳಿಯಾದ ಮೇಲೆ ಮೂತಿಯನ್ನು ಕಲ್ಲಿಗೆ ಉಜ್ಜಿ, ತುಟಿಯಂಚಿನಿಂದ ಬಿಡಿಸಿಕೊಂಡು, ಕಾಲುಚೀಲ ತೆಗೆದ ಹಾಗೆ ಒಳಮೈ ಹೊರಗಾಗಿ ಕಳಚುತ್ತದೆ. ಕಣ್ಣಿನ ಮೇಲಿನ ಪಾರದರ್ಶಕ ಮುಚ್ಚಳವೂ ಜೊತೆಗೇ ಬರುತ್ತದೆ. ಮೇಜಿನ ಮೇಲೆ ಅದನ್ನು ತಪ್ಪದೆ ನೋಡಿ. ಕಳಚುವಾಗ ಹಿಗ್ಗುವುದರಿಂದ ಪೊರೆ ಹಾವಿಗಿಂತ ಉದ್ದವಿರುತ್ತದೆ. ಪೊರೆ ಅಳೆದು ಹಾವಿನ ಉದ್ದ ಹೇಳಿ ಊರನ್ನು ಹೆದರಿಸಬೇಡಿ.

ಕಟ್ಟುಹಾವಿನ ಪೊರೆಯಲ್ಲಿ ನಡುಬೆನ್ನಿನ ಸಾಲು ನೋಡಿ: ಆರು ಮೂಲೆಯ ಹುರುಪೆಗಳು, ಅಕ್ಕಪಕ್ಕದವಕ್ಕಿಂತ ದೊಡ್ಡವು. ಅದರಂತೆಯೇ ಪಟ್ಟೆಯಿರುವ, ವಿಷವಿಲ್ಲದ ತೋಳಹಾವಿಗೆ ಆ ಸಾಲು ಇಲ್ಲ. ಕೊಳಕುಮಂಡಲಕ್ಕೆ ಬೆನ್ನಿನ ಹುರುಪೆಗಳ ಮೇಲೆ ಎದ್ದ ಗೀರು, ತಲೆಯ ಮೇಲೆ ಪುಟ್ಟ ಪುಟ್ಟ ಹುರುಪೆ.

ಈಗ ನನ್ನ ಚಿಂತೆ ಹೇಳುತ್ತೇನೆ. ಬೆಳಗ್ಗೆ ಒಬ್ಬ ಹುಡುಗ ಕೇಳಿದ, ಹಾವನ್ನೇ ಸಾಕಿದರೆ ಪೊರೆ ಸಿಗುತ್ತಲ್ಲಾ ಎಂದು. ಬೇಡ ಮಗು. ನಮ್ಮ ನಾಡಿನ ಹಾವನ್ನು ಹಿಡಿದು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆಫ್ರಿಕಾದ ಬಾಲ್ ಪೈಥಾನ್ ಸಾಕುವವರೂ ಅದನ್ನು ನೋಂದಾಯಿಸಬೇಕು. ಬರಿಗೈಲಿ ಹೆಡೆ ಹಿಡಿದು ಮುತ್ತಿಡುವ ವಿಡಿಯೊಗಳು ಪ್ರತಿ ಮೊಬೈಲಿನಲ್ಲೂ ಓಡಾಡುತ್ತಿವೆ. ಮಕ್ಕಳು ಅದನ್ನೇ ಧೈರ್ಯ ಎಂದುಕೊಂಡರೆ ನಾವು ಮಕ್ಕಳನ್ನೂ ಕಳೆದುಕೊಳ್ಳುತ್ತೇವೆ, ಹಾವನ್ನೂ ಕಳೆದುಕೊಳ್ಳುತ್ತೇವೆ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು ಅಧ್ಯಯನವೊಂದು ಅಂದಾಜು ಮಾಡಿದೆ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಾವು ಕಚ್ಚಿದಾಗ ಯಾವ ಹಾವೆಂದು ಹುಡುಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಓಡಿ. ಗುರುತಿಸುವ ವಿದ್ಯೆ ನೆಮ್ಮದಿಯ ಹೊತ್ತಿಗೆ ಕಲಿಯಬೇಕಾದದ್ದು. ಪೊರೆ ಕಚ್ಚುವುದಿಲ್ಲ, ಅದನ್ನು ಎತ್ತಿಕೊಂಡರೆ ಯಾವ ಹಾವಿಗೂ ನೋವಾಗುವುದಿಲ್ಲ. ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಎಲ್ಲಿದೆ?

ಪೊರೆ ಸಿಕ್ಕಾಗ ಬಿಲ, ಸಂದಿಗೆ ಕೈ ಹಾಕಬೇಡಿ; ದೊಡ್ಡವರನ್ನು ಕರೆದು ಕೋಲಿನಿಂದ ಎಳೆದುಕೊಳ್ಳಿ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಹಲಗೆಯ ಮೇಲೆ ತಲೆಯಿಂದ ಬಾಲದ ಕಡೆಗೆ ಬಿಡಿಸಿ, ನೆರಳಿನಲ್ಲಿ ಒಣಗಿಸಿ. ಗಾಜಿನ ಚೌಕಟ್ಟಿನಲ್ಲಿಟ್ಟು ಬಿಸಿಲಿನಿಂದ, ಹುಳದಿಂದ ಕಾಪಾಡಿ. ಮುಟ್ಟಿದ ಕೈ ಸೋಪಿನಲ್ಲಿ ತೊಳೆಯಿರಿ. ಸಂಗ್ರಹ ಮಾಡುವ ಶಾಲೆ ಅರಣ್ಯ ಇಲಾಖೆಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಲಿ.

ಇಲ್ಲಿನ ಪೊರೆಗಳು ಚೆನ್ನಾಗಿವೆ, ಆದರೆ ಕೆಲವಕ್ಕೆ ಚೀಟಿಯಿಲ್ಲ. ಯಾವ ಊರು, ಯಾವ ತಾರೀಕು, ತೆಂಗಿನ ತೋಟವೋ, ಕೋಟೆಬೆಟ್ಟದ ಬಂಡೆಸಂದೋ, ಮನೆಯ ಅಟ್ಟವೋ ಬರೆದಿಡಿ. ಪೊರೆಯಿಂದ ಡಿಎನ್‌ಎ ಕೂಡ ತೆಗೆಯಬಹುದು. ಎಲ್ಲಿ ಸಿಕ್ಕಿತೆಂದು ಗೊತ್ತಿದ್ದರೆ ಮಾತ್ರ ಅದರಿಂದ ಪ್ರಯೋಜನ.

ಈ ಹೋಬಳಿಯ ಪ್ರತಿ ಶಾಲೆಯೂ ಒಂದು ಪೊರೆ ದಾಖಲೆ ಪುಸ್ತಕ ಇಡಲಿ ಎಂಬುದು ನನ್ನ ಬೇಡಿಕೆ. ಪುಸ್ತಕ ಶುರು ಮಾಡುವ ಶಾಲೆಗೆ ಭೂತಗನ್ನಡಿ ನಾನು ಕೊಡುತ್ತೇನೆ, ಹುರುಪೆ ಎಣಿಸುವುದನ್ನು ಬಂದು ಹೇಳಿಕೊಡುತ್ತೇನೆ. ಇಂದು ಮಧ್ಯಾಹ್ನ ಆ ಮೇಜಿನ ಬಳಿಯೇ ಇರುತ್ತೇನೆ. ಶಿಕ್ಷಕರು ಹೆಸರು ಬರೆಸಿ. ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ.