ಬಿಡಿಸಿದ ರಾಜ್ಯವನ್ನು ಒಡೆದವರು: ಸ್ವಾಮಿ ರಮಾನಂದ ತೀರ್ಥ



ಹಿಟ್ಲರನ ಸೈನ್ಯ ಫ್ರಾನ್ಸನ್ನು ಹಿಡಿದುಕೊಂಡಿದ್ದ ಕಾಲದಲ್ಲಿ ಭೂಗತರಾಗಿ ಹೋರಾಡಿ, ಯುದ್ಧ ಮುಗಿದ ಮೇಲೆ ಅಧಿಕಾರಕ್ಕೆ ಬಂದವರ ಬಗ್ಗೆ ಮಾತಾಡಿ ಎಂದು ಈ ತಂಬ್ರಹಳ್ಳಿ ಸಭೆಯ ಸಂಚಾಲಕರು ಹೇಳಿದ್ದರು. ಒಪ್ಪಿಕೊಂಡೆ. ಆದರೆ ಓದುತ್ತ ಹೋದಂತೆ ಮನಸ್ಸು ನಮ್ಮ ತುಂಗಭದ್ರಾ ಹೊಳೆಯ ಆಚೆ ದಂಡೆಗೇ ಹೋಗತೊಡಗಿತು. ಹಾಗಾಗಿ ಇವತ್ತು ಫ್ರಾನ್ಸಿನದು ಸ್ವಲ್ಪ, ಹೈದರಾಬಾದಿನದು ಬಹಳ.

ಫ್ರಾನ್ಸಿನದನ್ನು ಮೊದಲೇ ಹೇಳಿಬಿಡುತ್ತೇನೆ. ಜಾರ್ಜ್ ಬಿದೋ ಇತಿಹಾಸ ಕಲಿಸುತ್ತಿದ್ದ ಮೇಷ್ಟ್ರು. ಚದುರಿದ್ದ ಭೂಗತ ಗುಂಪುಗಳನ್ನು ಒಂದು ಮಂಡಳಿಯ ಕೆಳಗೆ ತಂದ ಜ್ಯಾಂ ಮೂಲ್ಯಾಂ 1943ರಲ್ಲಿ ಸಿಕ್ಕಿಬಿದ್ದು ಚಿತ್ರಹಿಂಸೆಗೆ ಬಲಿಯಾದರು. ಆ ಮಂಡಳಿಗೆ ಅವರ ನಂತರ ಅಧ್ಯಕ್ಷರಾದವರು ಬಿದೋ. 1944ರಲ್ಲಿ ವಿದೇಶಾಂಗ ಮಂತ್ರಿಯಾದರು, 1946ರಲ್ಲಿ ಸರಕಾರವನ್ನೇ ನಡೆಸಿದರು, 1949ರಲ್ಲಿ ಪ್ರಧಾನಿಯಾದರು. ಅಲ್ಲಿಗೆ ಮುಗಿದಿದ್ದರೆ ಒಳ್ಳೆಯ ಕಥೆ. ಅಲ್ಜೀರಿಯ ಸ್ವತಂತ್ರವಾಗಬಾರದು, ಅದು ಫ್ರಾನ್ಸಿನ ಕೈಯಲ್ಲೇ ಇರಬೇಕು ಎಂದು ಅವರು ಹಟ ಹಿಡಿದರು. 1962ರಲ್ಲಿ ಹಳೆಯ ಮಂಡಳಿಯ ಹೆಸರನ್ನೇ ಹೊಸದೊಂದಕ್ಕೆ ಇಟ್ಟು, ಈ ಸಲ ತಮ್ಮದೇ ಸರಕಾರದ ವಿರುದ್ಧ ನಿಂತರು. ಕೊನೆಗೆ ಬ್ರೆಜಿಲ್ ಸೇರಿ, 1968ರಲ್ಲಿ ಮರಳಿದರು. ನಕ್ಷೆ ಬದಲಾಗುವುದನ್ನು ಅವರಿಗೆ ಸಹಿಸಲಾಗಲಿಲ್ಲ.

ನಮ್ಮ ಕಡೆಯವರೂ ಮೇಷ್ಟ್ರೇ. ವೆಂಕಟೇಶ ಖೇಡಗೀಕರ ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಅಸಹಕಾರ ಚಳವಳಿಯ ಕರೆಗೆ ಸೊಲ್ಲಾಪುರದಲ್ಲಿ ಶಾಲೆ ಬಿಟ್ಟರು. ಆಮೇಲೆ ಪುಣೆಯ ತಿಲಕ ವಿದ್ಯಾಪೀಠದಲ್ಲಿ ಓದಿದರು. ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಬಳಿ ಕೆಲಸ ಮಾಡಿದರು. ಅಲ್ಲಿಂದ ನಿಜಾಮರ ಹೈದರಾಬಾದ್ ಸೀಮೆಗೆ ಬಂದು, ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗಾದ ರಾಷ್ಟ್ರೀಯ ಶಾಲೆಗೆ ಮುಖ್ಯೋಪಾಧ್ಯಾಯರಾದರು. ಸನ್ಯಾಸ ತೆಗೆದುಕೊಂಡು ಸ್ವಾಮಿ ರಮಾನಂದ ತೀರ್ಥರಾದದ್ದೂ ಆ ಕಾಲದಲ್ಲೇ. ಸನ್ಯಾಸಿಗೆ ರಾಜಕಾರಣ ಏಕೆ ಎಂದು ಕೇಳುವವರು ಆಗಲೂ ಇದ್ದಿರಬೇಕು. ಆದರೆ ಮಠ ಕಟ್ಟಲಿಕ್ಕೆ ಕಾವಿ ಉಟ್ಟವರಲ್ಲ ಅವರು.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ಥಾಪಿಸಲು ಹೊರಟರೆ, ಅದು ಹುಟ್ಟುವ ಮೊದಲೇ ನಿಜಾಮ್ ಸರಕಾರ ನಿಷೇಧ ಹಾಕಿತು. ಸತ್ಯಾಗ್ರಹ ಶುರುವಾಗಿ ಸ್ವಾಮಿಗಳು ಜೈಲು ಸೇರಿದರು. 1942ರಲ್ಲಿ ಮತ್ತೆ ಜೈಲು. ನಿಷೇಧ ತೆರವಾದದ್ದು 1946ರಲ್ಲಿ. ಅಧ್ಯಕ್ಷಗಿರಿ ಸ್ವಾಮಿಗಳಿಗೆ ಬಂತು.

ಈಗ ನಮ್ಮ ಹೊಳೆಗೆ ಬರೋಣ. 1947ರ ಆಗಸ್ಟ್ 15ರಂದು ತುಂಗಭದ್ರೆಯ ಈ ದಂಡೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಆಚೆ ಕೊಪ್ಪಳದ ಕಡೆ ನಿಜಾಮರ ರಾಯಚೂರು ಜಿಲ್ಲೆ. ಹೂವಿನಹಡಗಲಿಯ ಎದುರು ಮುಂಡರಗಿ ಕಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಕಾಗದದ ಮೇಲಿನ ಗೆರೆ ಅಂದು ಪ್ರಾಣ ಉಳಿಸುವ, ತೆಗೆಯುವ ಗೆರೆಯಾಗಿತ್ತು. ಈಚೆ ತ್ರಿವರ್ಣ ಧ್ವಜ ಹಾರಿದ ದಿನವೇ ಅದನ್ನು ಹಾರಿಸಲು ಹೊರಟ ಸ್ವಾಮಿಗಳನ್ನು ಆಚೆ ಬಂಧಿಸಿದರು. ಇನ್ನೊಂದು ವಿಚಿತ್ರ ಕೇಳಿ: ಅದೇ ಹೊತ್ತಿನಲ್ಲಿ ಹೊಸಪೇಟೆಯ ಬಳಿ ಮದ್ರಾಸ್ ಮತ್ತು ಹೈದರಾಬಾದ್ ಸರಕಾರಗಳು ಕೂಡಿ ಒಂದೇ ಹೊಳೆಗೆ ಅಣೆಕಟ್ಟು ಕಟ್ಟಲು ಹೊರಟಿದ್ದವು. 1945ರಲ್ಲಿ ಶಂಕುಸ್ಥಾಪನೆಯಾಗಿತ್ತು.

1947ರ ನವೆಂಬರ್ 29ರಂದು ದಿಲ್ಲಿಗೂ ನಿಜಾಮರಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಸ್ವಾಮಿಗಳನ್ನು ಬಿಟ್ಟರು. ಹೊರಗಿದ್ದದ್ದು ಎರಡು ತಿಂಗಳೂ ಇಲ್ಲ, 1948ರ ಜನವರಿಯಲ್ಲಿ ಮತ್ತೆ ಒಳಗೆ ಹಾಕಿದರು. ನಿಜಾಮರ ಪರ ನಿಂತಿದ್ದ ಕಾಸಿಂ ರಜ್ವಿಯ ಪಡೆ ರಜಾಕಾರರ ಹಾವಳಿಗೆ ಊರು ಬಿಟ್ಟ ಜನ ಗಡಿ ದಾಟಿ ಬರುತ್ತಿದ್ದರು. ಗಡಿಯುದ್ದಕ್ಕೂ ಶಿಬಿರಗಳು ಎದ್ದವು. ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ, ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿ ಮುಂದಾಳುಗಳಾದರು. ಕರೋಡಗಿರಿ (ಸುಂಕದ) ನಾಕೆಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿಗಳಾದವು. ಶಿಬಿರಗಳಲ್ಲಿ ಬಂದೂಕುಗಳಿದ್ದವು. ಪಕ್ಷದ ಅಧ್ಯಕ್ಷರು ಗಾಂಧೀಜಿಯ ಅನುಯಾಯಿ, ಜೈಲಿನಲ್ಲಿದ್ದಾರೆ. ಹೊರಗೆ ಅವರದೇ ಪಕ್ಷದವರು ಉಮರಿಯ ಬ್ಯಾಂಕನ್ನು ದೋಚಿ ಶಿಬಿರಗಳಿಗೆ ಹಣ ಹೊಂದಿಸುತ್ತಿದ್ದಾರೆ. ಈ ತೊಡಕನ್ನು ನಾವು ಜಾಣತನದಿಂದ ಮರೆಮಾಡಬೇಕಿಲ್ಲ. ಸತ್ಯಾಗ್ರಹ ಮಾತ್ರದಿಂದ ರಜಾಕಾರರನ್ನು ತಡೆಯಬಹುದಿತ್ತು ಎಂದು ಆ ದಂಡೆಯಲ್ಲಿ ಮನೆ ಕಳಕೊಂಡವರಿಗೆ ಹೇಳುವ ಧೈರ್ಯ ನನಗಂತೂ ಇಲ್ಲ.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳನುಗ್ಗಿತು. ಹೊಸಪೇಟೆಯ ಕಡೆ ಮೈಸೂರು ಪಡೆ ರಜಾಕಾರರಿಂದ ಸಕ್ಕರೆ ಕಾರ್ಖಾನೆಯನ್ನು ವಶಪಡಿಸಿಕೊಂಡಿತು. 17ರಂದು ನಿಜಾಮರು ಶರಣಾದರು. ಸ್ವಾಮಿಗಳು ಜೈಲಿನಿಂದ ಹೊರಬಂದರು. ಇಲ್ಲಿಯವರೆಗಿನದನ್ನು ವಿಮೋಚನಾ ದಿನದ ಭಾಷಣಗಳಲ್ಲಿ ನೀವು ಕೇಳಿದ್ದೀರಿ. ಮುಂದಿನದನ್ನು ಅಲ್ಲಿ ಕೇಳಿರಲಿಕ್ಕಿಲ್ಲ. ಕಾರ್ಯಾಚರಣೆಯ ಹೊತ್ತಿಗೂ ಆನಂತರವೂ ಬಡ ಮುಸ್ಲಿಮರ ಮೇಲೆ ನಡೆದ ಸೇಡಿನ ಹತ್ಯೆಗಳನ್ನು ಪರಿಶೀಲಿಸಲು ಭಾರತ ಸರಕಾರ ಪಂಡಿತ ಸುಂದರಲಾಲರ ತಂಡವನ್ನು ಕಳಿಸಿತು. ಸತ್ತವರು 27,000ದಿಂದ 40,000 ಇರಬಹುದೆಂದು ಆ ತಂಡ ಅಂದಾಜು ಮಾಡಿತು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ನಮ್ಮ ಕಲಬುರಗಿ, ಬೀದರ ಸೇರಿವೆ. ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ವಿಮೋಚನೆಯ ಕಥೆ ಹೇಳುವವರು ಈ ಪುಟವನ್ನು ಹರಿದು ಹಾಕಿದರೆ, ಸ್ವಾಮಿಗಳ ಹೋರಾಟಕ್ಕೇ ಅನ್ಯಾಯ ಮಾಡಿದಂತೆ. ಅವರು ಎದುರಿಸಿದ್ದು ಒಂದು ಆಳ್ವಿಕೆಯನ್ನು, ಒಂದು ಧರ್ಮದ ಜನರನ್ನಲ್ಲ.

ರಾಜಕಾರಣದ ಭಾಗ ಇಲ್ಲಿಂದ ಶುರು. ಬಿದೋ ಅವರಿಗಾದಂತೆ ಸ್ವಾಮಿಗಳಿಗೂ ಪಟ್ಟ ಸಿಗಬೇಕಿತ್ತು. ಸಿಗಲಿಲ್ಲ. ಮೊದಲು ಮಿಲಿಟರಿ ಗವರ್ನರ್ ಚೌಧುರಿ, ಆಮೇಲೆ ಅಧಿಕಾರಿ ವೆಲ್ಲೋಡಿ ರಾಜ್ಯ ನಡೆಸಿದರು. ಸ್ವಾಮಿಗಳನ್ನು ಜೈಲಿಗೆ ಹಾಕಿದ ನಿಜಾಮರೇ ರಾಜಪ್ರಮುಖರಾಗಿ 1956ರವರೆಗೂ ರಾಜ್ಯದ ಮುಖ್ಯಸ್ಥರಾಗಿ ಕೂತಿದ್ದರು. ಸ್ಟೇಟ್ ಕಾಂಗ್ರೆಸ್ ಒಳಗೇ ಎರಡು ಬಣ. 1952ರಲ್ಲಿ ಮುಖ್ಯಮಂತ್ರಿಯಾದವರು ಎದುರು ಬಣದ ಬೂರ್ಗುಲ ರಾಮಕೃಷ್ಣರಾವ್. ಸ್ವಾಮಿಗಳು ಕಲಬುರಗಿಯಿಂದ ಗೆದ್ದು ಲೋಕಸಭೆಗೆ ಹೋದರು. ಅದೇ ಚುನಾವಣೆಯಲ್ಲಿ ಆಚೆ ದಂಡೆಯ ಕುಷ್ಟಗಿ ಕ್ಷೇತ್ರದ ಜನ ಕಾಂಗ್ರೆಸ್ಸನ್ನು ಬಿಟ್ಟು, ಪಕ್ಷೇತರರಾಗಿ ನಿಂತ ಅಳವಂಡಿ ಶಿವಮೂರ್ತಿಸ್ವಾಮಿಯವರನ್ನು ಆರಿಸಿದರು. ಪಕ್ಷ ಬೇಗ ಮರೆತ ಶಿಬಿರವನ್ನು ಮತದಾರರು ಮರೆತಿರಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ.

ಸ್ವಾಮಿಗಳ ದೊಡ್ಡ ಕೆಲಸ ನನ್ನ ಲೆಕ್ಕದಲ್ಲಿ 1948ರದಲ್ಲ, ಆನಂತರದ ಎಂಟು ವರ್ಷಗಳದು. ತಾವೇ ಬಿಡಿಸಿದ ಹೈದರಾಬಾದ್ ರಾಜ್ಯ ಇರಲೇಬಾರದು, ತೆಲುಗರು, ಮರಾಠಿಗರು, ಕನ್ನಡಿಗರು ತಮ್ಮ ತಮ್ಮ ಭಾಷಿಕರ ಜೊತೆ ಹೋಗಬೇಕು ಎಂದು ಪಟ್ಟು ಹಿಡಿದರು. ನೆಹರೂ ಅವರಿಗೆ ಇದು ಮೊದಲಲ್ಲಿ ಹಿಡಿಸಿರಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಕೂಡ ತೆಲಂಗಾಣವನ್ನೂ ಬೀದರನ್ನೂ ಸೇರಿಸಿ ಸದ್ಯಕ್ಕೆ ಒಂದು ಹೈದರಾಬಾದ್ ಉಳಿಯಲಿ ಎಂದಿತ್ತು. ಒಂದು ಸಂಸ್ಥಾನದ ನಾಯಕನಿಗೆ ಸಂಸ್ಥಾನ ಉಳಿದರೆ ತಾನೆ ಕುರ್ಚಿ? ಸ್ವಾಮಿಗಳು ಆ ಲೆಕ್ಕ ಹಾಕಲಿಲ್ಲ. 1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರು ನಮ್ಮ ಜೊತೆ ಬಂದವು. ಬಳ್ಳಾರಿಯ ಏಳು ತಾಲ್ಲೂಕುಗಳು 1953ರಲ್ಲೇ ಮೈಸೂರು ಸೇರಿದ್ದವು. ಹೊಳೆಯ ಎರಡೂ ದಂಡೆಗಳು ಒಂದೇ ರಾಜ್ಯದೊಳಕ್ಕೆ ಬಂದವು. ಇವತ್ತು ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ಕೊಪ್ಪಳಕ್ಕೂ ಇದೆ, 1800ರಲ್ಲೇ ನಿಜಾಮರ ಕೈಬಿಟ್ಟ ನಮ್ಮ ಸೀಮೆಗೂ ಇದೆ.

ರಾಜ್ಯ ಒಡೆದ ಮೇಲೆ ಸ್ವಾಮಿಗಳಿಗೆ ತಮ್ಮದೆನ್ನುವ ಊರೇ ಉಳಿಯಲಿಲ್ಲ. ಹುಟ್ಟೂರೂ ಮೊದಲು ಗೆದ್ದ ಕ್ಷೇತ್ರವೂ ಮೈಸೂರಿನಲ್ಲಿ, ಮನೆ ಆಂಧ್ರದ ಹೈದರಾಬಾದಿನಲ್ಲಿ. 1957ರಲ್ಲಿ ಲೋಕಸಭೆಗೆ ಹೋದದ್ದು ಮುಂಬಯಿ ರಾಜ್ಯದ ಔರಂಗಾಬಾದಿನಿಂದ. 1962ರಲ್ಲಿ ಅತ್ತ ಬಿದೋ ಹೊಸ ಮಂಡಳಿ ಕಟ್ಟಿದರೆ, ಇತ್ತ ಅಳವಂಡಿಯವರು ಲೋಕಸೇವಕ ಸಂಘದಿಂದ ಕೊಪ್ಪಳ ಗೆದ್ದು ಮತ್ತೆ ದಿಲ್ಲಿಗೆ ಹೋದರು. ಆ ಲೋಕಸಭೆಯಲ್ಲಿ ರಮಾನಂದ ತೀರ್ಥರು ಇರಲಿಲ್ಲ. ತಮ್ಮ ಹೋರಾಟದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದಿಟ್ಟು, 1972ರ ಜನವರಿ 22ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ಮಂತ್ರಿಗಿರಿ ಕೊನೆಗೂ ಅವರ ಬಳಿ ಬರಲಿಲ್ಲ. ನಾಂದೇಡದ ವಿಶ್ವವಿದ್ಯಾಲಯ ಅವರ ಹೆಸರು ಹೊತ್ತಿದೆ.